ಯಾರೂ ವಾಸಿಸದ ನ್ಯೂ ಮೂರ್ ದ್ವೀಪಕ್ಕಾಗಿ ಭಾರತ, ಬಾಂಗ್ಲಾದೇಶಗಳು ಏಕೆ ವಾದಿಸಿದವು?

ಆ ಮರಳುದಿಬ್ಬ ಯಾರದೆಂದು ತೀರ್ಮಾನವಾದರೆ ಸುತ್ತಲಿನ ಸಮುದ್ರದ ಹಕ್ಕಿಗೂ ಬಲ ಬರುತ್ತಿದ್ದುದೇ ಕಾರಣ. 1970ರ ಭೋಲಾ ಚಂಡಮಾರುತದ ನಂತರ ಎರಡೂ ದೇಶಗಳ ಗಡಿಯಲ್ಲಿ ಬಂಗಾಳ ಕೊಲ್ಲಿ ಸೇರುವ ಹರಿಯಾಭಂಗಾ ನದಿಯ ಮುಖದಲ್ಲಿ ಕಾಣಿಸಿಕೊಂಡ ಇದನ್ನು ಬಾಂಗ್ಲಾದೇಶ ದಕ್ಷಿಣ ತಾಲಪಟ್ಟಿ ಎನ್ನುತ್ತದೆ. ಗಡಿಯೆನಿಸುವ ನದಿಯ ಮುಖ್ಯ ಹರಿವು ದ್ವೀಪದ ಪೂರ್ವಕ್ಕಿದೆಯೆಂದು ಭಾರತವೂ ಪಶ್ಚಿಮಕ್ಕಿದೆಯೆಂದು ಬಾಂಗ್ಲಾದೇಶವೂ ವಾದಿಸಿದವು. ನಮ್ಮ ಕೋಲಾರದ ಕಡೆ ಎಲ್ಲೆಯಾಗಿರುವ ಹಳ್ಳ ದಿಕ್ಕು ಬದಲಿಸಿದಾಗ ಹೊಲದವರ ನಡುವೆ ಏಳುವ ತಕರಾರಿನಂತೆಯೇ ಇದು. ಆದರೆ ಇಲ್ಲಿ ದಡದಲ್ಲಿ ಗಡಿಬಿಂದು ಸ್ವಲ್ಪ ಸರಿದರೂ, ಅಲ್ಲಿಂದ ದೇಶಕ್ಕೆ ಸಮುದ್ರ ಸಂಪತ್ತಿನ ಹಕ್ಕಿರುವ 200 ನಾಟಿಕಲ್ ಮೈಲಿಯವರೆಗೆ, ಎಂದರೆ ಸುಮಾರು 370 ಕಿ.ಮೀ. ದೂರ ಎಳೆಯುವ ರೇಖೆ ಓರೆಯಾಗಿ, ವಿಶಾಲ ಜಲಪ್ರದೇಶವೇ ಇನ್ನೊಬ್ಬರ ಪಾಲಾಗುತ್ತದೆ. ವಿಚಿತ್ರವೆಂದರೆ, 2010ರ ಹೊತ್ತಿಗೆ ದ್ವೀಪವೇ ಮುಳುಗಿತ್ತು. 2014ರಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯು ದ್ವೀಪವಿದ್ದ ಜಾಗವನ್ನು ಭಾರತಕ್ಕೆ ಬಿಟ್ಟು, ವಿವಾದಿತ 25,602 ಚದರ ಕಿ.ಮೀ. ಸಮುದ್ರದಲ್ಲಿ 19,467 ಚದರ ಕಿ.ಮೀ. ಬಾಂಗ್ಲಾದೇಶಕ್ಕೆ ನೀಡಿತು.