ತೂಕ ಇಳಿದ ಮೇಲೆ ಮಗನಿಗೆ ಹಸಿವು ಯಾಕೆ ಜಾಸ್ತಿಯಾಯ್ತು?

ಹತ್ತು ವರ್ಷದ ಮಗ ಪಥ್ಯ ಮಾಡಿ ಮೂರೇ ತಿಂಗಳಲ್ಲಿ ಐದು ಕೆ.ಜಿ. ಇಳಿದಿದ್ದಾನೆ, ಈಗ ಊಟ ಮುಗಿದ ಅರ್ಧ ಗಂಟೆಗೇ ಅಡುಗೆಮನೆಯ ಡಬ್ಬಗಳನ್ನು ತಡಕುತ್ತಾನೆ ಅಂತ ಬರೆದಿದ್ದೀರಿ. ಅವನ ಅಜ್ಜಿ ಇದನ್ನು ಬಾಯಿ ಚಪಲ ಅಂತಾರೆ, ಹೌದಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಡಯಟೀಶಿಯನ್. ನನ್ನ ಮಟ್ಟಿಗೆ ಅದು ಹೆಚ್ಚಾಗಿ ನಿಜವಾದ ಹಸಿವು. ಅಜ್ಜಿಗೆ ನಿಧಾನವಾಗಿ ಹೇಳಿ.

ನಮ್ಮ ಮೈಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅದು ಲೆಪ್ಟಿನ್ ಅನ್ನೋ ಹಾರ್ಮೋನ್ ಬಿಡುತ್ತದೆ. ಇದು ಪತ್ತೆಯಾಗಿದ್ದು 1994ರಲ್ಲಿ. ಕೊಬ್ಬು ಉಳಿತಾಯ ಖಾತೆಯಾದರೆ ಲೆಪ್ಟಿನ್ ಅದರ ಪಾಸ್‌ಬುಕ್. ಮೆದುಳು ಅದನ್ನು ನೋಡಿ ಎಷ್ಟು ಜಮಾ ಇದೆ ಅಂತ ತಿಳಿದುಕೊಳ್ಳುತ್ತದೆ. ಕೊಬ್ಬು ಕರಗಿದರೆ ಮಕ್ಕಳಲ್ಲೂ ಲೆಪ್ಟಿನ್ ಇಳಿಯುತ್ತದೆ. ಪಥ್ಯ ಕಟ್ಟುನಿಟ್ಟಾಗಿದ್ದರೆ ಕರಗಿದ ಕೊಬ್ಬಿನ ಲೆಕ್ಕಕ್ಕಿಂತ ಜಾಸ್ತಿಯೇ ಇಳಿಯಬಹುದು. ಆಗ ಮೆದುಳಿಗೆ ಬರಗಾಲ ಬಂದ ಹಾಗೆ. ಹಸಿವು ಏರಿಸುತ್ತದೆ, ಖರ್ಚು ಇಳಿಸುತ್ತದೆ. ಕೂತಲ್ಲೇ, ಮಲಗಿದಲ್ಲೇ ಮೈ ಸುಡುವ ಕ್ಯಾಲರಿಯೂ ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನೊಂದು ಹಾರ್ಮೋನ್ ಗ್ರೆಲಿನ್, ಹಸಿವು ಹುಟ್ಟಿಸುವಂಥದ್ದು. ಇದು ಮುಖ್ಯವಾಗಿ ಹೊಟ್ಟೆಯಿಂದ ಬರುತ್ತದೆ, ಊಟಕ್ಕೆ ಮುಂಚೆ ಏರುತ್ತದೆ, ತಿಂದ ಮೇಲೆ ಇಳಿಯುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ದಪ್ಪಗಿದ್ದ ದೊಡ್ಡವರಿಗೆ 10 ವಾರ ತೀರಾ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟರು. ವರ್ಷ ಕಳೆದರೂ ಅವರ ಗ್ರೆಲಿನ್ ಮೇಲೆಯೇ ಇತ್ತು, ಲೆಪ್ಟಿನ್ ಕೆಳಗೇ ಇತ್ತು, ಹಸಿವೂ ಜಾಸ್ತಿಯೇ ಇತ್ತು. ಅದು ದೊಡ್ಡವರ ಲೆಕ್ಕ, ಮಕ್ಕಳಿಗೆ ಹಾಗ್ಹಾಗೇ ಅಂಟಿಸಬೇಡಿ. ಆದರೂ ದೊಡ್ಡವರಿಗೇ ಹೀಗಾದರೆ ಮಗುವಿಗೆ ‘ಬಾಯಿ ಕಟ್ಟು’ ಅಂತ ಗದರಿಸಿ ಏನು ಪ್ರಯೋಜನ, ಅಲ್ವಾ?

ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ತುಂಬಾ ಮನೆಗಳಲ್ಲಿ ಮರೆಯುತ್ತಾರೆ. ಅವರು ಇನ್ನೂ ಉದ್ದ ಬೆಳೆಯುತ್ತಾರೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 5–6 ಸೆಂ.ಮೀ. ತೂಕ ಇದ್ದಲ್ಲೇ ನಿಂತರೂ ಎತ್ತರ ಏರಿದ ಹಾಗೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ತಾನಾಗಿ ಇಳಿಯುತ್ತದೆ. ತೀರಾ ಜಾಸ್ತಿ ದಪ್ಪ ಇರುವ ಮಕ್ಕಳಿಗೆ ಇಳಿಸಲೇಬೇಕಾಗುತ್ತದೆ, ಅದು ಡಾಕ್ಟರ ನಿಗಾದಲ್ಲಿ. ಆದರೆ ತಿಂಗಳಿಗೆ ಎರಡು ಕೆ.ಜಿ. ಹತ್ತಿರ ಇಳಿಸೋ ಆತುರ ನನಗೆ ಹಿಡಿಸುವುದಿಲ್ಲ. ಹಸಿವು ತಿರುಗಿ ಬೀಳಬಹುದು.

ಹಸಿವಿಗೆ ಏನು ಕೊಡುತ್ತೀರಿ ಅನ್ನೋದು ಮುಖ್ಯ. ನಮ್ಮ ಕಡೆ ಸಂಜೆ ನಾಲ್ಕೂವರೆಗೆ ಸ್ಕೂಲ್ ಬಿಟ್ಟ ಮಕ್ಕಳು ಬೇಕರಿ ಮುಂದೆ ನಿಂತಿರುತ್ತಾರೆ, ಕೈಯಲ್ಲಿ ಪಫ್ಸು, ದಿಲ್‌ಪಸಂದು. ಬೆಂಗಳೂರಿಗೇ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ನಮ್ಮದು, ಬೇಡ ಅನ್ನೋಕೆ ಬಾಯಿ ಬರಲ್ಲ! ಆದರೆ ಮೈದಾ, ಸಕ್ಕರೆ ಬೇಗ ಕರಗಿ ಹೋಗುತ್ತವೆ, ಏಳು ಗಂಟೆಗೆ ಮತ್ತೆ ಹಸಿವು. ಆ ನಾಲ್ಕೂವರೆ ಹೊತ್ತಿಗೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಇಲ್ಲಾ ಬೇಯಿಸಿದ ಮೊಟ್ಟೆ ಕೊಡಿ. ಪ್ರೋಟೀನು, ನಾರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ರಾತ್ರಿ ಚಿಕ್ಕ ಮುದ್ದೆ, ಹುರುಳಿಕಾಳಿನ ಬಸ್ಸಾರು, ಜೊತೆಗೆ ಆ ಸೊಪ್ಪಿನ ಪಲ್ಯ ಧಾರಾಳವಾಗಿ. ಊಟ ಬಿಡಿಸಬೇಡಿ. ನಿದ್ದೆಯನ್ನೂ ಬಿಡಿಸಬೇಡಿ, ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ನಿದ್ದೆ ಕಡಿಮೆಯಾದ ಮಕ್ಕಳು ಮಾರನೇ ದಿನ ಜಾಸ್ತಿ ತಿನ್ನುತ್ತಾರೆ.

ಇನ್ನೊಂದು ವಿಷಯ ಮನೆಯಲ್ಲೇ ನೋಡಿ. ಮಗನ ಕತ್ತಿನ ಹಿಂದೆ ಕಪ್ಪಾಗಿ, ಸ್ವಲ್ಪ ದಪ್ಪಗೆ ಪಟ್ಟಿ ಥರ ಇದೆಯಾ? ಕೊಳೆ ಅಂತ ತಿಕ್ಕುವವರೇ ಜಾಸ್ತಿ. ಎಷ್ಟು ತಿಕ್ಕಿದರೂ ಹೋಗದಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋ ಗುರುತಾಗಿರಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆದರೂ, ಎತ್ತರ ಏರುವುದು ನಿಂತಿದ್ದರೂ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎತ್ತರ ನಿಂತಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ.