ತಟ್ಟೆಯ ಲೆಕ್ಕ ಇಟ್ಟಿದ್ದ ಭಟ್ಟರು

ಓದುಗರ ಪತ್ರ: ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಗಣಕ ವಿಜ್ಞಾನ ಬೋಧಿಸುತ್ತೇನೆ. ವಿದ್ಯಾರ್ಥಿಗಳ ಆತ್ಮಹತ್ಯೆಯ ಸುದ್ದಿಗಳನ್ನು ಓದಿ ರಾತ್ರಿ ನಿದ್ದೆ ಬರುತ್ತಿಲ್ಲ. ಮನಸ್ಸಿನ ಸ್ಥಿತಿಯನ್ನು ದಿನವೂ ಅಳೆಯುವ ಆ್ಯಪ್ ಪ್ರತಿ ವಿದ್ಯಾರ್ಥಿಯ ಮೊಬೈಲ್‌ನಲ್ಲಿ ಕಡ್ಡಾಯವಾಗಬೇಕು. ಅಪಾಯ ಕಂಡರೆ ಪ್ರಾಂಶುಪಾಲರಿಗೂ ಪೋಷಕರಿಗೂ ಕೂಡಲೇ ಸಂದೇಶ ಹೋಗಬೇಕು. ನಿಮ್ಮ ಪತ್ರಿಕೆ ಇದಕ್ಕೆ ಏಕೆ ದನಿಗೂಡಿಸಬಾರದು? ನನ್ನ ತರಗತಿಯ ಹುಡುಗನೊಬ್ಬ ಆಂತರಿಕ ಪರೀಕ್ಷೆಯ ನಂತರ ಮೂರು ವಾರಗಳಿಂದ ಬಂದಿಲ್ಲ. ಇಂಥ ಆ್ಯಪ್ ಇದ್ದಿದ್ದರೆ ಕಾರಣವಾದರೂ ತಿಳಿಯುತ್ತಿತ್ತು.
— ಉಪನ್ಯಾಸಕರೊಬ್ಬರು (ಹೆಸರು, ಊರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ, ಪರರ ಮಕ್ಕಳಿಗಾಗಿ ನಿದ್ದೆಗೆಡುವ ಮೇಷ್ಟರು ಇನ್ನೂ ಇದ್ದಾರೆಂಬುದೇ ನನಗೆ ದೊಡ್ಡ ಸಮಾಧಾನ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಈ ಸಂಖ್ಯೆಯನ್ನು ಓದಿ ಪುಟ ತಿರುವಲು ನಿಮಗೆ ಆಗಲಿಲ್ಲ. ನನಗೂ ಆಗಿಲ್ಲ.

ಆ್ಯಪ್‌ಗಳಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ರಾತ್ರಿ ಎರಡು ಗಂಟೆಗೆ ಯಾರನ್ನೂ ಎಬ್ಬಿಸಲು ಸಂಕೋಚಪಡುವ ಹುಡುಗಿಗೆ ಕೈಯಲ್ಲಿರುವ ಫೋನ್ ಒಂದು ಆಸರೆ. ಸಂಕಟ ಏರುತ್ತಿರುವ ಸೂಚನೆಗಳೇನು, ಆಗ ಯಾರಿಗೆ ಕರೆ ಮಾಡಬೇಕು, ಮನಸ್ಸನ್ನು ಯಾವುದರಲ್ಲಿ ತೊಡಗಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವ ಸುರಕ್ಷತಾ ಯೋಜನೆಯ ಆ್ಯಪ್‌ಗಳಿವೆ, ಒಳ್ಳೆಯವೇ. ಆದರೆ 2019ರಲ್ಲಿ ಸಂಶೋಧಕರು ಖಿನ್ನತೆ ಮತ್ತು ಆತ್ಮಹತ್ಯೆ ತಡೆಗೆ ಸಂಬಂಧಿಸಿದ 69 ಆ್ಯಪ್‌ಗಳನ್ನು ಪರಿಶೀಲಿಸಿದಾಗ, ವೈದ್ಯರು ಸೂಚಿಸುವ ಆರೂ ಕ್ರಮಗಳನ್ನು ಅಳವಡಿಸಿಕೊಂಡಿದ್ದವು ಐದೇ ಐದು. ಆರು ಆ್ಯಪ್‌ಗಳಲ್ಲಿ ಸಹಾಯವಾಣಿಯ ಸಂಖ್ಯೆಯೇ ತಪ್ಪಾಗಿತ್ತು. ಮುಳುಗುತ್ತಿರುವ ಮಗು ಕರೆ ಮಾಡಿದಾಗ ಆ ಕಡೆ ಯಾರೂ ಇಲ್ಲದಿದ್ದರೆ ಹೇಗಿರುತ್ತದೆ, ಯೋಚಿಸಿ.

ನಿಮ್ಮ ಸಲಹೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಆ 'ಕಡ್ಡಾಯ' ಮತ್ತು 'ಪ್ರಾಂಶುಪಾಲರಿಗೆ ಸಂದೇಶ'. ತನ್ನ ಉತ್ತರ ಪ್ರಾಂಶುಪಾಲರ ಮೇಜಿಗೆ, ಅಲ್ಲಿಂದ ಅಪ್ಪನ ಕಿವಿಗೆ ಹೋಗುತ್ತದೆಂದು ಗೊತ್ತಿರುವ ಯಾವ ವಿದ್ಯಾರ್ಥಿ ನಿಜ ಹೇಳುತ್ತಾನೆ? ದಿನವೂ 'ಚೆನ್ನಾಗಿದ್ದೇನೆ' ಎಂದು ಒತ್ತಿ ಮುಗಿಸುತ್ತಾನೆ, ನೀವು ಅದನ್ನು ನಂಬುತ್ತೀರಿ. ಆತ್ಮಹತ್ಯೆ ತಡೆಗೆ ದುಡಿಯುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 2014ರಲ್ಲಿ ಟ್ವಿಟರ್ ಬರಹಗಳಲ್ಲಿ ನೋವಿನ ಮಾತುಗಳನ್ನು ಹುಡುಕಿ, ಬರೆದವರ ಅರಿವಿಗೆ ಬಾರದಂತೆ ಪರಿಚಿತರಿಗೆ ಸೂಚನೆ ಕೊಡುವ ಸಾಧನವನ್ನು ತಂದಿತ್ತು. ಯಾರ ರಕ್ಷಣೆಗೆಂದು ತಂದರೋ ಅವರಲ್ಲೇ ಹಲವರು ಹೆದರಿ ಪ್ರತಿಭಟಿಸಿದರು. ಹತ್ತು ದಿನ ತುಂಬುವ ಮೊದಲೇ ಅದನ್ನು ನಿಲ್ಲಿಸಬೇಕಾಯಿತು.

ಅದೇ ಸಂಸ್ಥೆ ಹುಟ್ಟಿದ ಬಗೆ ಕೇಳಿ. 1953ರಲ್ಲಿ ಲಂಡನ್ನಿನ ಚರ್ಚೊಂದರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಬದುಕು ಸಾಕಾದವರಿಗಾಗಿ ದೂರವಾಣಿ ಇಟ್ಟು ಕುಳಿತರು. ಬಂದವರ ಸಾಲು ಬೆಳೆಯಿತು. ಕಾಯುತ್ತಿದ್ದವರಿಗೆ ಚಹಾ ಕೊಟ್ಟು ಮಾತನಾಡಿಸುತ್ತಿರಲೆಂದು ಸ್ವಯಂಸೇವಕರನ್ನು ಕರೆದರು. ಕೆಲವು ತಿಂಗಳಲ್ಲೇ ವಾರಾ ಅವರಿಗೆ ಒಂದು ಸಂಗತಿ ಗೊತ್ತಾಯಿತು: ಚಹಾ ಕುಡಿಯುತ್ತ ಮನಸ್ಸು ಬಿಚ್ಚಿದ ಅನೇಕರಿಗೆ ಆಮೇಲೆ ಪಾದ್ರಿಯ ಸಲಹೆ ಬೇಕೆನಿಸುತ್ತಿರಲಿಲ್ಲ. ಕೇಳಿಸಿಕೊಳ್ಳುವ ಕೆಲಸವನ್ನು ಅವರು ಆ ಸಾಮಾನ್ಯ ಜನರಿಗೇ ಒಪ್ಪಿಸಿದರು.

ಇನ್ನೊಂದು ಕಥೆ ಪತ್ರಗಳದ್ದು. ಪತ್ರಗಳ ನಡುವೆಯೇ ಬದುಕಿದ ನನಗೆ ಅದರ ಮೇಲೆ ವಿಶೇಷ ಪ್ರೀತಿ. ಜೆರೋಮ್ ಮೋಟೊ ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ. ಯುದ್ಧಕಾಲದಲ್ಲಿ ಸೈನಿಕನಾಗಿದ್ದಾಗ ಬರುತ್ತಿದ್ದ ಪತ್ರಗಳು ತನ್ನನ್ನು ಹಿಡಿದು ನಿಲ್ಲಿಸಿದ್ದನ್ನು ಅವರು ಮರೆತಿರಲಿಲ್ಲ. ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಐದು ವರ್ಷಗಳಲ್ಲಿ 24 ಪುಟ್ಟ ಪತ್ರಗಳನ್ನು ಕಳುಹಿಸುವ ವ್ಯವಸ್ಥೆ ಮಾಡಿದರು. ಚೆನ್ನಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬರ್ಥದ ನಾಲ್ಕು ಸಾಲು, ಅಷ್ಟೇ. ಪತ್ರ ಪಡೆದವರಲ್ಲಿ, ಮುಖ್ಯವಾಗಿ ಮೊದಲ ಎರಡು ವರ್ಷ, ಆತ್ಮಹತ್ಯೆ ಕಡಿಮೆಯಿತ್ತು. ಮುಂದೆ ನಡೆದ ಪ್ರಯೋಗಗಳ ಫಲ ಎಲ್ಲೆಡೆ ಹೀಗೇ ಬಂದಿಲ್ಲ, ನಿಜ. ಆದರೂ ಉತ್ತರ ಬಯಸದೆ ಒಬ್ಬರನ್ನು ನೆನೆಯುವುದರ ಬಲವನ್ನು ನಾನು ನಂಬುತ್ತೇನೆ.

ನಂಬಲು ನನ್ನದೇ ಕಾರಣವೂ ಇದೆ. ಪದವಿಯ ಎರಡನೇ ವರ್ಷ ಗಣಿತದಲ್ಲಿ ಅನುತ್ತೀರ್ಣನಾಗಿ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದೆ. ಹಾಜರಿ ಪುಸ್ತಕಕ್ಕೆ ನಾನಿಲ್ಲದ್ದು ತಿಳಿದಿತ್ತು, ಯಾರೂ ಬರಲಿಲ್ಲ. ಮೂರನೆಯ ದಿನ ಬಾಗಿಲು ತಟ್ಟಿದ್ದು ಅಡುಗೆ ಭಟ್ಟರು. "ಏನಪ್ಪ, ನಿನ್ನೆಯಿಂದ ನಿನ್ನ ತಟ್ಟೆ ಕಾಣಲಿಲ್ಲ" ಎಂದರು. ನೂರಿಪ್ಪತ್ತು ತಟ್ಟೆಗಳಲ್ಲಿ ಒಂದು ಕಡಿಮೆಯಾದದ್ದು ಅವರ ಗಮನಕ್ಕೆ ಬಂದಿತ್ತು. ಸಾರನ್ನ ಮುಂದಿಟ್ಟು ನಾನು ಉಣ್ಣುವವರೆಗೂ ಬಾಗಿಲಲ್ಲೇ ಕುಳಿತಿದ್ದರು. ಗಣಿತದ ಮಾತನ್ನು ಅವರು ಎತ್ತಲೂ ಇಲ್ಲ.

ನಮ್ಮ ಮಕ್ಕಳು ನೋವನ್ನು ಹೇಳುವ ಬಗೆಯನ್ನಾದರೂ ಗಮನಿಸಿದ್ದೀರಾ? 'ನಾನು ಖಿನ್ನನಾಗಿದ್ದೇನೆ' ಎಂದು ಹಾವೇರಿಯ ಹುಡುಗ ಹೇಳುವುದಿಲ್ಲ. ಊಟ ಸೇರುತ್ತಿಲ್ಲ, ಯಾಕೋ ಏನೂ ಬೇಡ ಅನ್ನಿಸುತ್ತಿದೆ, ಊರಿಗೆ ಹೋಗಿಬಿಡುತ್ತೇನೆ ಸಾರ್ ಎನ್ನುತ್ತಾನೆ. ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಲು ಹೇಳುವ ಪ್ರಶ್ನಾವಳಿಗೆ ಇದು ಕೇಳಿಸುವುದು ಕಷ್ಟ. ಅವನ ಹೆಸರು ಬಲ್ಲ ಮೇಷ್ಟರಿಗೆ ಕೇಳಿಸುತ್ತದೆ. ಆ ಮೇಷ್ಟರನ್ನು ನಾವು ಹೇಗಿಟ್ಟಿದ್ದೇವೆ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಬರುವ ವರ್ಷ ಎಲ್ಲಿರುತ್ತೇವೆಂದು ತಿಳಿಯದೆ ಪಾಠ ಮಾಡುತ್ತಿದ್ದಾರೆ. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಆ ಕುರ್ಚಿ ಎಲ್ಲಿದೆ? ನಮ್ಮ ಪತ್ರಿಕೆ ದನಿಯೆತ್ತಬೇಕಾದರೆ ಅದಕ್ಕೆ ಎತ್ತುತ್ತದೆ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಮಕ್ಕಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದದ್ದನ್ನು ಹಲವರು ಟೀಕಿಸಿದರು. ನಾನು ಸ್ವಾಗತಿಸುತ್ತೇನೆ, ಒಂದು ಸಲ ಬಿದ್ದರೆ ಎಲ್ಲವೂ ಮುಗಿಯಿತೆಂಬ ಭಯವನ್ನು ಅದು ಸ್ವಲ್ಪವಾದರೂ ಇಳಿಸುತ್ತದೆ.

ಮೊಬೈಲ್‌ನಲ್ಲಿ ಏನಾದರೂ ಇರಲೇಬೇಕೆಂದರೆ 14416 ಇರಲಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈ ಸಾಲುಗಳನ್ನು ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಸಂಕಟವಿದ್ದರೆ ಈಗಲೇ ಕರೆ ಮಾಡಿ, ದಯವಿಟ್ಟು.

ಉಪನ್ಯಾಸಕರೇ, ಪತ್ರದ ಕೊನೆಯ ಎರಡು ಸಾಲು ಓದಿದ ಕೂಡಲೇ ನಿಮಗೆ ಫೋನ್ ಮಾಡಿ ಗದರಿದ್ದಕ್ಕೆ ಬೇಸರಿಸಬೇಡಿ. ಮೂರು ವಾರ ಕಾಯಬಾರದಿತ್ತು. 'ಸಾಯಬೇಕು ಅನ್ನಿಸುತ್ತಿದೆಯೇ' ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ನೀವು ಅಳುಕಿದಿರಿ. ಹಾಗಾಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ, ನೇರವಾಗಿ ಕೇಳಿ ಎಂದಿದ್ದೆ. ಮರುದಿನವೇ ನೀವು ಬಸ್ ಹತ್ತಿ ಅವನ ಊರಿಗೆ ಹೋಗಿದ್ದು, ಅವನ ತಾಯಿ ನಿಮಗೆ ರೊಟ್ಟಿ ಬಡಿಸಿದ್ದು ತಿಳಿಯಿತು. ಅವನು ನಿಮ್ಮೊಡನೆ ಕುಳಿತು ಉಂಡನೇ? ಅದೊಂದನ್ನು ನೀವು ಹೇಳಲಿಲ್ಲ. ಬರೆಯಿರಿ.