ನಿಮ್ಮ ಪಾಸ್ಟರ್ ಯಾಕೆ ಹಾಗೆ ಹೇಳ್ತಾರೆ ಅಂದ್ರೆ

ಮಗುವಾಗಿದ್ದಾಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ತಲೆಗೆ ನೀರು ಹಾಕಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಟ್ಟಿದ್ದಾರೆ, ಈಗ ಬ್ಯಾಪ್ಟಿಸ್ಟ್ ಪಾಸ್ಟರ್ ಮತ್ತೆ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತಗೋಬೇಕು ಅಂತಾರೆ, ಹಾಗಾದ್ರೆ ಇಷ್ಟು ದಿನ ನನಗೆ ರಕ್ಷಣೆ (ಪಾಪದಿಂದ ಬಿಡುಗಡೆ) ಇರಲಿಲ್ವಾ ಅಂತ ಕೇಳಿದ್ದೀರಿ.

ಗಾಬರಿ ಬೇಡ. ನೀರಿನಿಂದ ರಕ್ಷಣೆ ಸಿಗುತ್ತೆ ಅಂತ ಬ್ಯಾಪ್ಟಿಸ್ಟರು ಹೇಳುವುದಿಲ್ಲ. ಬೈಬಲಿನಲ್ಲಿ ಎಫೆಸ 2:8 ಓದಿ, ಕೃಪೆ ಮತ್ತು ನಂಬಿಕೆ ಅಷ್ಟೇ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ರಕ್ಷಣೆ ಸಿಕ್ಕಿತು, ಅವನು ಯಾವ ನೀರಿಗೂ ಇಳಿಯಲಿಲ್ಲ, ಅಲ್ವಾ? ಬ್ಯಾಪ್ಟಿಸ್ಟರು ಹಿಡಿದಿರುವುದು ಕ್ರಮವನ್ನು: ಮೊದಲು ನಂಬಿಕೆ, ಆಮೇಲೆ ದೀಕ್ಷಾಸ್ನಾನ. ಕೈಗೂಸಿಗೆ ನಂಬಲು ಆಗುವುದಿಲ್ಲ. ಆದ್ದರಿಂದ ಅವರ ಲೆಕ್ಕದಲ್ಲಿ ಇದು ಎರಡನೆಯದಲ್ಲ, ಮೊದಲನೆಯದೇ. (ಸಿಎಸ್‌ಐ ಇದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಸ್ವಲ್ಪ ಮಾತು ಕೇಳಬೇಕಾಗಬಹುದು.)

ನಿಮ್ಮ ಹಾಗೇ ಒಬ್ಬರಿದ್ದರು, ಭಾರತಕ್ಕೆ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ. ಹುಟ್ಟಿದ್ದು ಇಂಗ್ಲೆಂಡಿನ ಆಂಗ್ಲಿಕನ್ ಮನೆಯಲ್ಲಿ, ಅಲ್ಲೂ ಕೈಗೂಸಿಗೇ ದೀಕ್ಷಾಸ್ನಾನ ಕೊಡುತ್ತಾರೆ. 1783ರ ಅಕ್ಟೋಬರಿನಲ್ಲಿ, 22ನೇ ವಯಸ್ಸಿಗೆ, ನಾರ್ತಾಂಪ್ಟನ್‌ನ ನೆನ್ ನದಿಯಲ್ಲಿ ಮುಳುಗಿ ಎದ್ದರು. 1800ರಲ್ಲಿ ಅದೇ ಕೇರಿ ಬಂಗಾಳದ ಸೆರಾಂಪೂರದಲ್ಲಿ ಹೂಗ್ಲಿ ನದಿಗೆ ಇಳಿದು, ಬಡಗಿ ಕೃಷ್ಣ ಪಾಲ್‌ಗೂ ತನ್ನ ಮಗ ಫೆಲಿಕ್ಸ್‌ಗೂ ದೀಕ್ಷಾಸ್ನಾನ ಕೊಟ್ಟರು. ಪಾದ್ರಿಯ ಮಗನಾದರೂ ತಾನೇ ನಂಬಿದ ಮೇಲಷ್ಟೇ!

ಪಾಸ್ಟರನ್ನು ನೇರವಾಗಿ ಕೇಳಿ, ಇದು ಸಭೆಯ ಸದಸ್ಯತ್ವಕ್ಕೋ, ರಕ್ಷಣೆಗೋ ಅಂತ. ರಕ್ಷಣೆಗೇ ಅಂದರೆ ಅದು ಬ್ಯಾಪ್ಟಿಸ್ಟ್ ಬೋಧನೆ ಅಲ್ಲ.